ಟೊಂಗಾ ದ್ವೀಪಗಳಿಗೆ ಹಿರಿಯ ಮಿಷನರಿ ದಂಪತಿಯಾಗಿ ಹೊರಟಿದ್ದೇವೆ: ಅನುಭವವುಳ್ಳವರು ದಯವಿಟ್ಟು ತಿಳಿಸಿ

ಪ್ರಶ್ನೆ: ನಿವೃತ್ತ ಶಿಕ್ಷಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಯಜಮಾನರು ಕಟ್ಟಡ ಕಾಮಗಾರಿಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ನಾವು ಲ್ಯಾಟರ್ ಡೇ ಸೇಂಟ್ಸ್ ಎಂಬ ಕ್ರೈಸ್ತ ಸಭೆಗೆ ಸೇರಿದವರು. ಮಕ್ಕಳ ಜವಾಬ್ದಾರಿ ಮುಗಿಸಿದ ದಂಪತಿಗಳು ತಮ್ಮದೇ ಖರ್ಚಿನಲ್ಲಿ, ಆರು ತಿಂಗಳಿನಿಂದ ಸುಮಾರು ಎರಡು ವರ್ಷದವರೆಗೆ, ಹಿರಿಯ ಮಿಷನರಿಗಳಾಗಿ ದೂರದ ದೇಶಗಳಿಗೆ ಸೇವೆಗೆ ಹೋಗುವ ಪದ್ಧತಿ ನಮ್ಮಲ್ಲಿದೆ. ನಮಗೆ ಪೆಸಿಫಿಕ್ ಸಾಗರದ ಟೊಂಗಾ ದೇಶಕ್ಕೆ, ಮಾನವೀಯ ನೆರವಿನ ಕೆಲಸಕ್ಕಾಗಿ, 18 ತಿಂಗಳ ಕರೆ ಬಂದಿದೆ. ಸಂತೋಷವೂ ಆಗಿದೆ, ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ.

ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಸಣ್ಣ ದ್ವೀಪದಲ್ಲಿ ಆರೋಗ್ಯ ನೋಡಿಕೊಳ್ಳುವುದು ಹೇಗೆ? ನೆರವಿನ ನೆಪದಲ್ಲಿ ಜನರನ್ನು ನಿಮ್ಮ ಸಭೆಗೆ ಸೆಳೆಯಲು ಹೋಗುತ್ತಿದ್ದೀರಾ ಎಂದು ನನ್ನ ತಂಗಿ ನೇರವಾಗಿ ಕೇಳಿದಳು. ಅವಳಿಗೆ ಪ್ರಾಮಾಣಿಕವಾಗಿ ಏನು ಹೇಳಬೇಕು? ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಪ್ರಶ್ನೆ ಇನ್ನೊಂದಿದೆ. ಯಜಮಾನರಿಗೆ ಕಟ್ಟುವ ಕೆಲಸ ಗೊತ್ತು. ನಾನು ಅಲ್ಲಿ ಅಡುಗೆ ಮಾಡಿಕೊಂಡು ಅವರ ಜೊತೆಗಿರುವವಳು ಮಾತ್ರ ಆಗಿಬಿಡುತ್ತೇನೆಯೇ? ಅರವತ್ತು ದಾಟಿದ ನಾವಿಬ್ಬರೂ ಆ ಜನರಿಗೆ ಉಪಯೋಗಕ್ಕೆ ಬರುವ ಬದಲು ಅವರೇ ನೋಡಿಕೊಳ್ಳಬೇಕಾದ ಅತಿಥಿಗಳಾಗುತ್ತೇವೆಯೇ?

ಉತ್ತರ 1: ನಿವೃತ್ತ ನೀರು ಸರಬರಾಜು ಎಂಜಿನಿಯರ್, ಉಡುಪಿ

ಸಹೋದರಿ, ನಾನೂ ನನ್ನ ಪತ್ನಿಯೂ 2023 ಮತ್ತು 2024ರಲ್ಲಿ ಟೊಂಗಾದ ಹಾಪೈ ದ್ವೀಪಸಮೂಹದಲ್ಲಿ ಇದೇ ಸೇವೆಯಲ್ಲಿದ್ದೆವು. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಕೆಲಸದಲ್ಲಿ ಉಳಿದುಕೊಂಡದ್ದೆಲ್ಲವೂ ನನ್ನ ಪತ್ನಿಯಿಂದ ಉಳಿಯಿತು.

ಮೊದಲು ಊರಿನ ಪರಿಚಯ. ಟೊಂಗಾದಲ್ಲಿ 170ರಷ್ಟು ದ್ವೀಪಗಳಿದ್ದು, ಜನವಸತಿ ಇರುವುದು ನಲವತ್ತಕ್ಕೂ ಕಡಿಮೆ ದ್ವೀಪಗಳಲ್ಲಿ. ದೇಶದ ಜನಸಂಖ್ಯೆ ಸುಮಾರು ಒಂದು ಲಕ್ಷ. ಹೆಚ್ಚಿನವರು ರಾಜಧಾನಿ ನುಕುಅಲೋಫಾ ಇರುವ ಟೊಂಗಟಾಪು ದ್ವೀಪದಲ್ಲಿದ್ದಾರೆ. ಹಾಪೈ ದ್ವೀಪಗಳಲ್ಲಿ ಹೆಚ್ಚಿನವು ಸಮುದ್ರಮಟ್ಟದಿಂದ ಸ್ವಲ್ಪವೇ ಮೇಲಿರುವ ಹವಳದ ನೆಲ. ಅಂಥ ನೆಲದಲ್ಲಿ ಹೊಳೆಯೂ ಇಲ್ಲ, ತೊರೆಯೂ ಇಲ್ಲ. ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವಿರುತ್ತದೆ. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಆದ್ದರಿಂದ ಕುಡಿಯಲು ಚಾವಣಿಯಿಂದ ಹಿಡಿದ ಮಳೆನೀರೇ ಆಧಾರ. ನಮ್ಮ ಕರಾವಳಿಯ ಮಳೆಯ ಅರ್ಧದಷ್ಟು ಕೂಡ ಅಲ್ಲಿ ಬೀಳುವುದಿಲ್ಲ, ಆದರೆ ವರ್ಷವಿಡೀ ಅಷ್ಟಿಷ್ಟು ಬೀಳುತ್ತಿರುತ್ತದೆ. ನೂರು ಚದರ ಮೀಟರಿನ ತಗಡಿನ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಸೋರಿಹೋಗುವುದನ್ನು ಕಳೆದರೆ 800 ಲೀಟರ್ ತೊಟ್ಟಿಗೆ ಸೇರುತ್ತದೆ. ಹಳೆಯ ಕಾಲದಲ್ಲಿ ನಮ್ಮಲ್ಲಿ ಅಡಿಕೆಮರದ ದಂಬೆ ಕಟ್ಟಿ ಸೂರಿನ ನೀರು ಹಿಡಿಯುತ್ತಿದ್ದುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು.

2022ರ ಜನವರಿ 15ರಂದು ಹುಂಗಾ ಟೊಂಗಾ-ಹುಂಗಾ ಹಾಪೈ ಎಂಬ ಸಮುದ್ರದೊಳಗಿನ ಜ್ವಾಲಾಮುಖಿ ಸ್ಫೋಟಿಸಿದಾಗ ಬೂದಿ ಇದೇ ಚಾವಣಿಗಳ ಮೇಲೆ ಬಿತ್ತು, ಸುನಾಮಿ ಅಲೆಗಳು ಮಾಂಗೋ ದ್ವೀಪದ ಎಲ್ಲ ಮನೆಗಳನ್ನೂ ಕೊಚ್ಚಿಹಾಕಿದವು. ಹೊರಜಗತ್ತಿಗೆ ಜೋಡಿಸುವ ಸಮುದ್ರದಡಿಯ ತಂತಿ ತುಂಡಾಗಿ, ಸರಿಯಾಗಲು ಐದು ವಾರಗಳಷ್ಟು ಬೇಕಾಯಿತು. ನಾವು ಹೋಗುವ ಹೊತ್ತಿಗೆ ತುರ್ತಿನ ನೆರವಿನ ಕಾಲ ಮುಗಿದಿತ್ತು. ಉಳಿದಿದ್ದುದು ನಿಧಾನದ ಕೆಲಸ: ತೊಟ್ಟಿ, ಪೈಪು, ನಲ್ಲಿ.

ನಾನು ಮೊದಲ ವಾರವೇ ನಕ್ಷೆ ಹಾಕಿ, ಗ್ರಾಮಾಧಿಕಾರಿಯ ಮುಂದಿಟ್ಟೆ. ಅಲ್ಲಿ ಪ್ರತಿ ಹಳ್ಳಿಗೂ ಜನರೇ ಆರಿಸಿದ ಇಂಥ ಅಧಿಕಾರಿಯೊಬ್ಬರು ಇರುತ್ತಾರೆ. ಅವರು ಎಲ್ಲಕ್ಕೂ ಹೌದು ಎಂದರು, ನಾನು ಹಿಗ್ಗಿದೆ. ದೂರದಿಂದ ಬಂದ ಹಿರಿಯರ ಮಾತಿಗೆ ಎದುರಾಡುವುದು ಅಲ್ಲಿ ಮರ್ಯಾದೆಯಲ್ಲ ಎಂದು ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ನಾವು ಕೂರಿಸಿದ ಎರಡು ತೊಟ್ಟಿಗಳನ್ನು ಯಾರೂ ಬಳಸಲಿಲ್ಲ.

ಈ ನಡುವೆ ನನ್ನ ಪತ್ನಿ ಬೆಳಗಿನ ಹೊತ್ತು ಹೆಂಗಸರ ಜೊತೆ ಚಾಪೆ ಹೆಣೆಯಲು ಕೂರುತ್ತಿದ್ದಳು. ಒಟ್ಟಾಗಿ ಕೂತು ಹೆಣೆಯುವ ಇಂಥ ಗುಂಪಿಗೆ ಅಲ್ಲಿ ತೌಲಾಲಂಗ ಎನ್ನುತ್ತಾರೆ. ಅವಳ ಕೈ ಅಷ್ಟು ಚುರುಕಲ್ಲ, ಭಾಷೆಯೂ ನೂರು ಪದಗಳಿಗಿಂತ ಹೆಚ್ಚು ಬರುತ್ತಿರಲಿಲ್ಲ, ಆದರೂ ಪಕ್ಕದಲ್ಲಿ ತಾಳ್ಮೆಯಿಂದ ಕೂತವಳಿಗೆ ಹೆಂಗಸರು ನಿಜ ಹೇಳಿದರು. ಒಂದು ತೊಟ್ಟಿಯ ನಲ್ಲಿ ನೆಲಕ್ಕೆ ತೀರ ಹತ್ತಿರವಿದ್ದು ಬಕೆಟ್ ಕೆಳಗೆ ಹಿಡಿಯುವಂತಿರಲಿಲ್ಲ. ಇನ್ನೊಂದರ ಬೀಗದ ಕೈ ಊರಲ್ಲಿಲ್ಲದವರ ಬಳಿ ಇತ್ತು. ಶೌಚಾಲಯದ ವಿಷಯಕ್ಕೆ ಸಭೆ ಕರೆದಾಗ ಯಾರೂ ಬಾಯಿ ಬಿಡದಿದ್ದುದೇಕೆ ಎಂಬುದೂ ಆಗಲೇ ತಿಳಿಯಿತು. ಟೊಂಗಾದಲ್ಲಿ ಅಣ್ಣತಂಗಿಯರ, ಅಕ್ಕತಮ್ಮಂದಿರ ನಡುವೆ ಬಹಳ ಬಿಗಿಯಾದ ಗೌರವದ ಕಟ್ಟಳೆ ಇದೆ. ಅವರು ಒಂದೇ ಕಡೆ ಕೂತಿರುವಾಗ ಅಂಥ ಮಾತು ಎತ್ತುವುದೇ ತಪ್ಪು. ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಕೂರಿಸಿದ ದಿನ ಎರಡು ಗಂಟೆಯಲ್ಲಿ ಎಲ್ಲವೂ ತೀರ್ಮಾನವಾಯಿತು. ನಲವತ್ತು ವರ್ಷ ನೀರಿನ ಕೆಲಸ ಮಾಡಿದ ನಾನು ಕೇಳಲಾಗದಿದ್ದ ಪ್ರಶ್ನೆಗಳನ್ನು ಅವಳು ಹೆಣೆಯುತ್ತ ಕೂತು ಕೇಳಿದಳು. ದಂಪತಿಯನ್ನು ಜೊತೆಯಾಗಿ ಕಳುಹಿಸುವುದರ ಅರ್ಥ ನನಗೆ ಅಲ್ಲಿ ಆಯಿತು.

ಅನಂತರ ನಾವು ಮೊದಲು ಕೇಳುತ್ತಿದ್ದುದು ತೊಟ್ಟಿ ಎಲ್ಲಿ ಬೇಕು ಎಂದಲ್ಲ, ನಾವು ಹೊರಟ ಮೇಲೆ ಅದನ್ನು ತೊಳೆಯುವವರು ಯಾರು ಎಂದು. ಆ ಹೆಸರು ಸಿಗುವವರೆಗೆ ಸಿಮೆಂಟ್ ತರಿಸುತ್ತಿರಲಿಲ್ಲ. ನಿಮ್ಮ ಯಜಮಾನರಿಗೆ ಎರಡು ಮಾತು: ಕಡಲ ಮರಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದೆ ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣದ ಸರಳು ಬೇಗ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ತೊಟ್ಟಿ ಖಾಲಿ ಇರುವಾಗ ಚಂಡಮಾರುತ ಬಂದರೆ ಹಾರಿಹೋಗುತ್ತದೆ, ಆದ್ದರಿಂದ ಬುಡಕ್ಕೆ ಬಿಗಿದು ಕಟ್ಟಬೇಕು. ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ.

ನಿಮ್ಮ ತಂಗಿಯವರ ಪ್ರಶ್ನೆ ನ್ಯಾಯವಾದದ್ದು. ಮಾನವೀಯ ನೆರವಿಗೆ ನೇಮಕವಾದ ದಂಪತಿಗೆ ಸುವಾರ್ತೆ ಸಾರುವ ಕೆಲಸ ವಹಿಸಿರುವುದಿಲ್ಲ. ನೆರವು ಯಾವ ಮತದವರಿಗಾದರೂ ಸಲ್ಲಬೇಕು. ಟೊಂಗಾ ಮೊದಲೇ ಗಾಢವಾಗಿ ಕ್ರೈಸ್ತ ದೇಶ. ವೆಸ್ಲಿಯನ್ ಎಂಬ ಪ್ರಾಟೆಸ್ಟಂಟ್ ಸಭೆ ಅಲ್ಲಿ ದೊಡ್ಡದು. ನಮ್ಮ ಮಿಷನರಿಗಳು 1891ರಲ್ಲೇ ಅಲ್ಲಿಗೆ ಹೋದವರು, ಈಗ ಜನಗಣತಿಯಂತೆ ಐವರಲ್ಲಿ ಸುಮಾರು ಒಬ್ಬರು ನಮ್ಮ ಸಭೆಯವರು. ಅಪಾಯ ಇರುವುದು ಇನ್ನೊಂದು ಕಡೆ. ನಾನು ತಯಾರಿಸಿದ ಮೊದಲ ಫಲಾನುಭವಿಗಳ ಪಟ್ಟಿಯಲ್ಲಿ ನಮ್ಮ ಸಭೆಯ ಕುಟುಂಬಗಳೇ ಹೆಚ್ಚಾಗಿದ್ದವು. ಯಾವ ದುರುದ್ದೇಶವೂ ಇರಲಿಲ್ಲ. ಭಾನುವಾರ ಭೇಟಿಯಾಗುವವರ ಕಷ್ಟವಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಅದನ್ನು ಹರಿದುಹಾಕಿ, ಎಲ್ಲ ಸಭೆಗಳ ಹಿರಿಯರನ್ನೂ ಗ್ರಾಮಾಧಿಕಾರಿಯನ್ನೂ ಕೂರಿಸಿಕೊಂಡು ಹೊಸದಾಗಿ ಬರೆದೆವು. ಇದನ್ನು ನಿಮ್ಮ ತಂಗಿಯವರಿಗೆ ಮುಚ್ಚಿಡದೆ ಹೇಳಿ.

ಊಟದ ಬಗ್ಗೆ ಚಿಂತೆ ಬೇಡ. ಕೆಸು, ಮರಗೆಣಸು, ನಾವು ದೀವಿಹಲಸು ಎನ್ನುವ ಬ್ರೆಡ್‌ಫ್ರೂಟ್, ತೆಂಗಿನಹಾಲು, ಎಲ್ಲವೂ ಪರಿಚಿತ. ಕೆಸುವಿನ ಎಲೆಯಲ್ಲಿ ತೆಂಗಿನಹಾಲೂ ಮಾಂಸವೂ ಸೇರಿಸಿ ಕಟ್ಟಿ, ನೆಲದೊಳಗಿನ ಬಿಸಿಕಲ್ಲಿನ ಒಲೆಯಲ್ಲಿ ಬೇಯಿಸುವ ಲೂ ಎಂಬ ತಿನಿಸನ್ನು ಮೊದಲ ಸಲ ತಿಂದಾಗ ನನ್ನ ಪತ್ನಿಗೆ ಪತ್ರೊಡೆಯ ನೆನಪಾಗಿ ಕಣ್ಣು ತುಂಬಿತು. ಭಾನುವಾರ ದೇಶದ ಕಾನೂನೇ ವಿಶ್ರಾಂತಿಯ ದಿನವೆಂದು ಹೇಳುತ್ತದೆ, ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಿ.

ಉತ್ತರ 2: ನಿವೃತ್ತ ದಾದಿ, ಮಂಗಳೂರು

ನಾನು ಬೇರೆ ಸಭೆಯವಳು. ನನ್ನ ಪತಿಯೊಂದಿಗೆ ಅದೇ ಸಾಗರದ ಇನ್ನೊಂದು ದ್ವೀಪದೇಶವಾದ ಸಮೋವಾದಲ್ಲಿ ಒಂದು ವರ್ಷ ತಾಯಿಮಕ್ಕಳ ಆರೋಗ್ಯದ ಕೆಲಸದಲ್ಲಿದ್ದೆ. ಆರೋಗ್ಯದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಸಕ್ಕರೆ ಕಾಯಿಲೆ ಇರುವವರಿಗೆ ಆ ದ್ವೀಪಗಳಲ್ಲಿ ದೊಡ್ಡ ಶತ್ರು ಹವಳದ ಗೀರು. ನೀರಿಗಿಳಿದಾಗ ಕಾಲಿಗೆ ಆಗುವ ಸಣ್ಣ ಗಾಯವೂ ಬೇಗ ಕೀವುಗಟ್ಟುತ್ತದೆ. ದಪ್ಪ ಅಟ್ಟೆಯ ಚಪ್ಪಲಿ ಅಥವಾ ಬೂಟು ಇಲ್ಲದೆ ಅವರು ಮರಳಿನ ಮೇಲೂ ನಡೆಯಬಾರದು, ರಾತ್ರಿ ಮಲಗುವ ಮುನ್ನ ನೀವು ಅವರ ಪಾದಗಳನ್ನು ದೀಪದಲ್ಲಿ ನೋಡಬೇಕು. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಕೆಲವೊಮ್ಮೆ ವಿಷ ಸೇರಿರುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ. ಯಾವ ಮೀನು, ಯಾವ ಜಾಗದ್ದು ಎಂದು ಅಲ್ಲಿನ ಬೆಸ್ತರನ್ನು ಕೇಳಿಯೇ ತಿನ್ನಿ. ಡೆಂಗಿ ಇದೆ, ಆದ್ದರಿಂದ ನೀವೇ ಕಟ್ಟುವ ತೊಟ್ಟಿಯ ಬಾಯಿಗೆ ಸೊಳ್ಳೆ ಜಾಲರಿ ಹಾಕುವುದನ್ನು ಮರೆಯಬೇಡಿ. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಹೆಚ್ಚಿಗೆ ಒಯ್ಯಿರಿ. ಗಂಭೀರ ಕಾಯಿಲೆಯಾದರೆ ನ್ಯೂಜಿಲೆಂಡಿಗೆ ಸಾಗಿಸುವ ವೆಚ್ಚ ನಿಮ್ಮ ವಿಮೆಯಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತನ್ನೂ ಸೇರಿಸಬೇಕೆನಿಸುತ್ತದೆ. 2018ರಲ್ಲಿ ಸಮೋವಾದಲ್ಲಿ ಲಸಿಕೆಗೆ ತಪ್ಪು ದ್ರಾವಣ ಬೆರೆಸಿದ್ದರಿಂದ ಎರಡು ಹಸುಗೂಸುಗಳು ತೀರಿಹೋದವು. ಜನ ಹೆದರಿ ಲಸಿಕೆಯಿಂದ ದೂರವಾದರು. ಮರುವರ್ಷ ದಡಾರ ಹರಡಿ 83 ಜನ ಸತ್ತರು, ಹೆಚ್ಚಿನವರು ಎಳೆಯ ಮಕ್ಕಳು. 2019ರ ಡಿಸೆಂಬರಿನಲ್ಲಿ ಸರ್ಕಾರ ಎಲ್ಲ ಕೆಲಸ ನಿಲ್ಲಿಸಿ ಮನೆಮನೆಗೆ ಲಸಿಕೆ ಕೊಂಡೊಯ್ದಾಗ, ಲಸಿಕೆ ಬೇಕಾದವರು ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿದ್ದರು. ನಾವು ಹೋದಾಗಲೂ ಆ ದಿನಗಳ ಮಾತು ಬಂದರೆ ತಾಯಂದಿರು ಮೌನವಾಗುತ್ತಿದ್ದರು. ಹೊರಗಿನಿಂದ ಬಂದು ಒಂದು ತಪ್ಪು ಮಾಡಿದರೆ ಅದರ ಫಲ ನಾವು ಹಿಂತಿರುಗಿದ ಮೇಲೂ ಅಲ್ಲಿನ ದಾದಿಯರ ತಲೆಯ ಮೇಲಿರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾನು ಹೆದರುತ್ತಿರಲಿಲ್ಲ, ನೀವೂ ಹೆದರಬೇಡಿ.

ಉತ್ತರ 3: ಶಿವಮೊಗ್ಗದ ಒಬ್ಬ ಮಗ

ಅಮ್ಮ, ನನ್ನ ತಂದೆತಾಯಿ ಪೆಸಿಫಿಕ್‌ನದೇ ದ್ವೀಪದೇಶವಾದ ವನುವಾಟುವಿನಲ್ಲಿ ಇಂಥ ಸೇವೆಯಲ್ಲಿದ್ದಾಗ, 2023ರ ಮಾರ್ಚ್ ಮೊದಲ ವಾರದಲ್ಲಿ ಜೂಡಿ, ಕೆವಿನ್ ಎಂಬ ಎರಡು ಚಂಡಮಾರುತಗಳು ಎರಡೇ ದಿನದ ಅಂತರದಲ್ಲಿ ಅಪ್ಪಳಿಸಿದವು. ನಾಲ್ಕು ದಿನ ಅವರ ಸುದ್ದಿಯಿರಲಿಲ್ಲ. ಅವರು ಕ್ಷೇಮವಾಗಿದ್ದು ಬೇರೆಯವರ ಚಾವಣಿ ರಿಪೇರಿಯಲ್ಲಿ ತೊಡಗಿದ್ದರು ಎಂದು ಆಮೇಲೆ ತಿಳಿಯಿತು, ಆದರೆ ಆ ನಾಲ್ಕು ದಿನ ನಾನೂ ತಂಗಿಯೂ ಊಟ ಮಾಡಿದ ನೆನಪಿಲ್ಲ. ಫೋನ್ ಕಡಿದರೆ ಯಾರು ಯಾರಿಗೆ ತಿಳಿಸಬೇಕು, ಎಷ್ಟು ದಿನ ಕಾಯಬೇಕು ಎಂಬುದನ್ನು ಹೊರಡುವ ಮುಂಚೆಯೇ ಮಕ್ಕಳೊಂದಿಗೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದ ಅಜ್ಜ ಅಜ್ಜಿ ಇದ್ದರೆ, ಬರಬಾರದ ಸುದ್ದಿ ಬಂದರೆ ಏನು ಎಂಬುದನ್ನೂ ಮಾತಾಡಿಕೊಳ್ಳಿ. ನಮ್ಮ ಅಜ್ಜಿಯ ಅಂತ್ಯಕ್ರಿಯೆಗೆ ತಾಯಿ ಬರಲಾಗಲಿಲ್ಲ. ಅದನ್ನು ಮೊದಲೇ ಅಜ್ಜಿಯ ಜೊತೆಗೇ ಮಾತಾಡಿ ಹೋಗಿದ್ದರಿಂದ ನಾವು ತಡೆದುಕೊಂಡೆವು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಟ್ಟಿಯ ವಿಷಯವನ್ನು ತಂಗಿಗೂ ಫೋನಿನಲ್ಲಿ ಹೇಳಿದೆ, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಹೋಗಿ ಬಾ ಎಂದಳು. ಉಡುಪಿಯ ಸಹೋದರರಲ್ಲಿ ಕೊನೆಯ ಒಂದು ಪ್ರಶ್ನೆ. ನಲ್ಲಿ, ವಾಷರ್ ಮುಂತಾದ ಬಿಡಿಭಾಗಗಳನ್ನು ಇಲ್ಲಿಂದಲೇ ಒಯ್ಯುವುದು ಒಳ್ಳೆಯದೇ?

ಉತ್ತರ 1 ಬರೆದವರಿಂದ

ಬೇಡ. ಅಲ್ಲಿನ ಅಂಗಡಿಯಲ್ಲಿ ಸಿಗುವ ಅಳತೆಯದನ್ನೇ ಹಾಕಿ, ಇಲ್ಲವಾದರೆ ಅದು ಕೆಟ್ಟ ದಿನ ಬದಲಿಸಲು ಯಾರಿಗೂ ಸಾಧ್ಯವಾಗದು. ಪೆಟ್ಟಿಗೆಯಲ್ಲಿ ಆ ಜಾಗಕ್ಕೆ ಯಜಮಾನರ ಬೂಟು ಇಡಿ. ನನ್ನ ಪತ್ನಿ ನಿಮಗೊಂದು ಮಾತು ತಿಳಿಸಲು ಹೇಳಿದ್ದಾಳೆ: ಹೆಣೆಯುವ ಗುಂಪಿಗೆ ಮೊದಲ ದಿನ ಬರಿಗೈಯಲ್ಲಿ ಹೋಗಬೇಡಿ, ಎಲ್ಲರಿಗೂ ಆಗುವಷ್ಟು ತಿಂಡಿ ಮಾಡಿಕೊಂಡು ಹೋಗಿ.