ಪದಚರ್ಚೆ: ಡಬ್ಲಿನ್ ಕ್ಯಾಸಲ್‌ಗೆ ಬಂದ ‘ಮೆಮೋರಿಯಲ್’ ಅರ್ಜಿಯೋ, ಅಹವಾಲೋ, ಬಿನ್ನಹವೋ?

ಗೆಳೆಯರೇ,

ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಐರ್ಲೆಂಡಿನ ಜನ ಸರ್ಕಾರಕ್ಕೆ ಬರೆದುಕೊಂಡ ಕಾಗದಗಳಲ್ಲಿ ಕೆಲವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಾಕ್ಯಗಳು ಉದ್ದ, ಆದರೆ ತೊಡಕಿನವಲ್ಲ. ತೊಡಕೆಲ್ಲ ಬಿಡಿ ಪದಗಳಲ್ಲಿದೆ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಮೆಮೋರಿಯಲ್’. ಇದನ್ನು ‘ಸ್ಮಾರಕ’ ಎಂದು ಯಾರೂ ಬರೆಯುವುದಿಲ್ಲ ಬಿಡಿ. ಹಾಗಾದರೆ ಏನು ಬರೆಯಬೇಕು?

ಮೊದಲು ಹಿನ್ನೆಲೆ ಹೇಳುತ್ತೇನೆ. 1801ರ ಜನವರಿ 1ಕ್ಕೆ ಐರ್ಲೆಂಡ್ ಬ್ರಿಟನ್ನಿನ ಜೊತೆ ಸೇರಿಹೋಯಿತು. ಡಬ್ಲಿನ್ನಿನ ಪಾರ್ಲಿಮೆಂಟ್ ಮುಚ್ಚಿತು, ಐರಿಷ್ ಸದಸ್ಯರು ಲಂಡನ್ನಿಗೆ ಹೋದರು. ಆದರೆ ಆಡಳಿತ ಡಬ್ಲಿನ್ ಕ್ಯಾಸಲ್‌ನಲ್ಲೇ ಉಳಿಯಿತು. ಅಲ್ಲಿ ದೊರೆಯ ಪ್ರತಿನಿಧಿಯಾಗಿ ಲಾರ್ಡ್ ಲೆಫ್ಟಿನೆಂಟ್, ಅವರ ಕೆಳಗೆ ಚೀಫ್ ಸೆಕ್ರೆಟರಿ, ಆಮೇಲೆ ಅಂಡರ್ ಸೆಕ್ರೆಟರಿ. ಕೆಲಸ ಬೇಕು, ಪಿಂಚಣಿ ಬೇಕು, ಮಗನ ಗಡೀಪಾರು ತಪ್ಪಿಸಬೇಕು, ಊರಲ್ಲಿ ಆಲೂಗಡ್ಡೆ ಕೊಳೆತಿದೆ, ಕಾಳು ಕಳಿಸಿ, ಪೊಲೀಸರು ಬೇಕು, ಪೊಲೀಸರು ಬೇಡ. ಹೀಗೆ ಎಲ್ಲ ಬಗೆಯ ಕಾಗದವೂ ಅಲ್ಲಿಗೇ ಬರುತ್ತಿತ್ತು. 1818ರಿಂದ ಹೀಗೆ ಬಂದ ಕಾಗದಗಳನ್ನು ನಂಬರು ಹಾಕಿ ದಾಖಲಿಸುವ ಹೊಸ ಪದ್ಧತಿ ಶುರುವಾಯಿತು, ಅದು 1924ರವರೆಗೂ ನಡೆಯಿತು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ನ್ಯಾಯಾಲಯಗಳಿದ್ದ ಫೋರ್ ಕೋರ್ಟ್ಸ್‌ನ ದಾಖಲೆ ಕಚೇರಿ ಸುಟ್ಟು ಬೂದಿಯಾದಾಗ ಈ ಕಾಗದಗಳು ಉಳಿದುಕೊಂಡವು. ಅವು ಅಲ್ಲಿರಲಿಲ್ಲ, ಕ್ಯಾಸಲ್‌ನ ಹಳೇ ಗೋಪುರದಲ್ಲಿದ್ದವು. ಈಗ ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಈಗ ಪದಕ್ಕೆ ಬರುತ್ತೇನೆ. ಈ ಕಾಗದಗಳಲ್ಲಿ ‘ಪಿಟಿಷನ್’ ಕೂಡ ಇದೆ, ‘ಮೆಮೋರಿಯಲ್’ ಕೂಡ ಇದೆ. ಎರಡರ ನಡುವೆ ಗೆರೆ ಎಳೆದ ಹಾಗಿಲ್ಲ. ಒಂದೇ ಬಗೆಯ ಕೋರಿಕೆಯನ್ನು ಒಬ್ಬರು ಪಿಟಿಷನ್ ಎಂದು ಕರೆದರೆ ಇನ್ನೊಬ್ಬರು ಮೆಮೋರಿಯಲ್ ಎನ್ನುತ್ತಾರೆ. ಆದರೂ ಒಳಗೆ ಸಣ್ಣ ಒಲವು ಇದೆ. ಪಿಟಿಷನ್‌ನಲ್ಲಿ ಬೇಡಿಕೆ ಮುಂದೆ ನಿಲ್ಲುತ್ತದೆ. ಮೆಮೋರಿಯಲ್‌ನಲ್ಲಿ ಸಂಗತಿಗಳು ಮುಂದೆ ನಿಲ್ಲುತ್ತವೆ: ಇಷ್ಟು ವರ್ಷ ಸೇವೆ ಮಾಡಿದ್ದೇನೆ, ಇಂಥ ಯುದ್ಧದಲ್ಲಿ ಗಾಯವಾಗಿದೆ, ಇಷ್ಟು ಮಕ್ಕಳಿದ್ದಾರೆ. ಬೇಡಿಕೆ ಅದರ ಬಾಲಕ್ಕೆ ಬರುತ್ತದೆ.

ನಿಘಂಟು ನೋಡಿ ‘ಜ್ಞಾಪನ ಪತ್ರ’ ಎನ್ನಬಹುದು. ಮೂಲ ಅರ್ಥಕ್ಕೆ ಅದು ಹತ್ತಿರವೇ. ಆದರೆ ನಮ್ಮ ಕಚೇರಿಗಳಲ್ಲಿ ‘ಜ್ಞಾಪನ’ ಮೇಲಿನಿಂದ ಕೆಳಗೆ ಹರಿಯುವ ಕಾಗದ. ‘ಅಧಿಕೃತ ಜ್ಞಾಪನ’ ಹೊರಡಿಸುವುದು ಇಲಾಖೆ, ಅದನ್ನು ಓದಿ ಬೆವರುವುದು ನೌಕರ. ಬಡ ವಿಧವೆಯೊಬ್ಬಳು ಲಾರ್ಡ್ ಲೆಫ್ಟಿನೆಂಟರಿಗೆ ‘ಜ್ಞಾಪನ’ ಕಳಿಸಿದಳು ಎಂದು ಬರೆದರೆ ಇಡೀ ಚಿತ್ರವೇ ತಲೆಕೆಳಗಾಗುತ್ತದೆ. ‘ಮನವಿ ಪತ್ರ’ ಸರಿ ಕಾಣುತ್ತದೆ, ಆದರೆ ಇವತ್ತಿನ ಪತ್ರಿಕೆಗಳಲ್ಲಿ ಅದು ಸಂಘಟನೆಯವರು ತಹಶೀಲ್ದಾರರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಕಾಗದ. ಒಂಟಿ ಮನುಷ್ಯನ ಗೋಳಿಗೆ ಹೊಂದುವುದಿಲ್ಲ. ‘ಬಿನ್ನಹ’ ಚೆಂದದ ಪದ, ವಿಜ್ಞಾಪನದಿಂದ ಬಂದದ್ದು. ಆದರೆ ಅದನ್ನು ಕೇಳಿದೊಡನೆ ನಮಗೆ ನೆನಪಾಗುವುದು ದೇವರು, ಇಲ್ಲವೇ ಅರಮನೆ. ಗುಮಾಸ್ತರಿರುವ ಕಚೇರಿಯಲ್ಲ.

ನನ್ನ ಒಲವು ‘ಅಹವಾಲು’ ಕಡೆಗೆ. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ, ಅದರ ಬಹುವಚನ ‘ಅಹ್ವಾಲ್’. ತನ್ನ ಸ್ಥಿತಿಗತಿ ಇಂತಿಂಥದು ಎಂದು ತೋಡಿಕೊಳ್ಳುವುದು. ಮೆಮೋರಿಯಲ್ ಮಾಡುವುದೂ ಅದನ್ನೇ, ಅಲ್ವಾ? ಹಾಗಾಗಿ ಪಿಟಿಷನ್‌ಗೆ ‘ಅರ್ಜಿ’, ಮೆಮೋರಿಯಲ್‌ಗೆ ‘ಅಹವಾಲು’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ತೊಂದರೆ ಏನೆಂದರೆ ‘ಮೆಮೋರಿಯಲಿಸ್ಟ್’. ‘ಅಹವಾಲುದಾರ’ ಎಂದು ಬರೆದರೆ ಅದು ಹವಾಲ್ದಾರನ ತಮ್ಮನ ಹಾಗೆ ಕೇಳಿಸುತ್ತದೆ. ಇಬ್ಬರಿಗೂ ‘ಅರ್ಜಿದಾರ’ ಎಂದೇ ಬರೆದುಬಿಡಲೇ? ಇದು ನನ್ನ ಮೊದಲ ಪ್ರಶ್ನೆ.

‘ಅರ್ಜಿ’ ಅಷ್ಟೊಂದು ನಮ್ಮದಾಯಿತು, ಐರ್ಲೆಂಡಿಗೆ ಹೊಂದುತ್ತದೆಯೇ ಎಂದು ಯಾರಾದರೂ ಕೇಳಬಹುದು. ಹೊಂದುತ್ತದೆ ಎನ್ನುವುದಕ್ಕೆ ನನ್ನ ಹತ್ತಿರ ಒಂದು ಸ್ವಾರಸ್ಯದ ಕಾರಣವಿದೆ. 1821ರ ಕೊನೆಯಿಂದ 1828ರವರೆಗೆ ಲಾರ್ಡ್ ಲೆಫ್ಟಿನೆಂಟ್ ಆಗಿದ್ದವರು ರಿಚರ್ಡ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಗವರ್ನರ್ ಜನರಲ್ ಆಗಿದ್ದ ಅದೇ ವೆಲ್ಲೆಸ್ಲಿ. ಅವರಿಗಿಂತ ಮೊದಲು, 1798ರಿಂದ 1801ರವರೆಗೆ, ಅದೇ ಕುರ್ಚಿಯಲ್ಲಿ ಕಾರ್ನ್‌ವಾಲಿಸ್ ಕೂತಿದ್ದರು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವರು ಅವರು. ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷ್ ಕಾಗದಗಳಲ್ಲಿ ‘ಅರ್ಜೀ’ ಎಂಬ ಪದ ಹಾಗೇ ಬರುತ್ತಿತ್ತು. ಅಂದರೆ ಭಾರತದಲ್ಲಿ ಅರ್ಜಿ ಕಂಡ ಕಣ್ಣುಗಳೇ ಡಬ್ಲಿನ್ನಿನಲ್ಲಿ ಮೆಮೋರಿಯಲ್ ಕಂಡವು.

ಇನ್ನು ಅರ್ಜಿಯ ಮೊದಲ ಸಾಲು. ‘ಇಂಥ ಊರಿನ ಇಂಥವನ ವಿನೀತ ಪಿಟಿಷನ್’ ಎಂದು ಬರೆದು, ಆಮೇಲೆ ‘ಶೋಯೆತ್’ ಎಂಬ ಒಂಟಿ ಪದ, ಕೆಲವು ಸಲ ಅದೊಂದೇ ಒಂದು ಸಾಲಿನಲ್ಲಿ. ‘ತೋರಿಸುತ್ತದೆ’ ಎಂದು ಅದರ ಅರ್ಥ. ಆಗಲೇ ಹಳತಾಗಿದ್ದ ರೂಪ, ಕಾನೂನಿನ ಕಾಗದದಲ್ಲಷ್ಟೇ ಉಳಿದಿತ್ತು. ಇದಕ್ಕೆ ಕನ್ನಡದಲ್ಲಿ ಪದ ಹುಡುಕಬೇಕಾಗಿಯೇ ಇಲ್ಲ. ‘ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬುದು ಸಿದ್ಧವಾಗಿ ಕೂತಿದೆ. ಅರಿಕೆ ಎಂದರೆ ಅರಿಯುವಂತೆ ಮಾಡುವುದು. ಅರ್ಜಿಯ ಮೂಲವಾದ ಅರಬ್ಬಿ ಪದಕ್ಕೂ ಮುಂದಿಡುವುದು, ತೋರಿಸುವುದು ಎಂಬ ಅರ್ಥವೇ ಇದೆ. ನನಗೆ ಇಷ್ಟೂ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ ಇದು.

ಆದರೆ ಅದರ ಮುಂದಿನ ಸಾಲಿನಿಂದ ಕಷ್ಟ. ಇಡೀ ಅರ್ಜಿ ‘ನಾನು’ ಎನ್ನುವುದಿಲ್ಲ. ‘ಪಿಟಿಷನರ್‌ಗೆ ಕಾಯಿಲೆ, ಪಿಟಿಷನರ್‌ನ ಹಸು ಹೋಯಿತು’ ಎಂದೇ ಸಾಗುತ್ತದೆ. ಕನ್ನಡದಲ್ಲಿ ಅರ್ಜಿದಾರನು, ಅರ್ಜಿದಾರಳು, ಅರ್ಜಿದಾರರು, ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ‘ಅರ್ಜಿದಾರರು’ ಎಂದರೆ ಇವತ್ತಿನ ಹೈಕೋರ್ಟಿನ ಗೌರವ ಬಂದುಬಿಡುತ್ತದೆ. ಬರೆಸಿದವರು ತಮ್ಮನ್ನು ತಗ್ಗಿಸಿಕೊಂಡು ಬರೆಸಿದ್ದಾರೆ, ಆದ್ದರಿಂದ ‘ಅರ್ಜಿದಾರನು’ ಮತ್ತು ‘ಅರ್ಜಿದಾರಳು’ ಎಂದೇ ಇಡುವುದು ಸರಿ ಎಂದು ನನಗನ್ನಿಸುತ್ತದೆ. ಓದುವವರಿಗೆ ಒರಟು ಅನ್ನಿಸಬಹುದು. ಅನ್ನಿಸಲಿ.

‘ಬರೆಸಿದವರು’ ಎಂದು ಬೇಕೆಂದೇ ಬರೆದೆ. ಎಷ್ಟೋ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಪಶ್ಚಿಮದ ಕಡೆ ಮನೆಮಾತು ಐರಿಷ್, ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ. ಊರ ಮೇಷ್ಟರೋ, ಪಾದ್ರಿಯೋ, ದುಡ್ಡಿಗೆ ಬರೆದುಕೊಡುವವನೋ ಬರೆಯುತ್ತಿದ್ದ. ನಮ್ಮ ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಕೂರುವ ಅರ್ಜಿ ಬರಹಗಾರರ ಹಾಗೆ. ಕೊನೆಯಲ್ಲಿ ಅರ್ಜಿದಾರ ಒಂದು ಕತ್ತರಿ ಗುರುತು ಹಾಕುತ್ತಿದ್ದ. ಇದನ್ನು ದಯವಿಟ್ಟು ‘ಹೆಬ್ಬೆಟ್ಟು’ ಎನ್ನಬೇಡಿ. ಬೆರಳಚ್ಚು ಕಚೇರಿಗೆ ಬಂದದ್ದು ಎಷ್ಟೋ ವರ್ಷ ಆದಮೇಲೆ. ‘ನಿಶಾನಿ’ ಸಾಕು.

ಅರ್ಜಿಯ ಕೊನೆಗೆ ‘ಪ್ರೇ’ ಎಂಬ ಪದ ಎರಡು ಸಲ, ಎರಡು ಅರ್ಥದಲ್ಲಿ ಬರುತ್ತದೆ. ಮೊದಲನೆಯದು ಅಧಿಕಾರಿಗೆ ಮಾಡುವ ಕೋರಿಕೆ. ಎರಡನೆಯದು ‘ಕರ್ತವ್ಯವೆಂದು ತಿಳಿದು ಎಂದೆಂದಿಗೂ ಪ್ರಾರ್ಥಿಸುವನು’ ಎಂಬ ಕಟ್ಟುಸಾಲು. ಅಲ್ಲಿ ಪ್ರಾರ್ಥನೆ ದೇವರಿಗೆ, ಅಧಿಕಾರಿಯ ಒಳಿತಿಗಾಗಿ. ಬರೆಯುವವರು ಸುಸ್ತಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಿ ‘ಇತ್ಯಾದಿ’ ಹಾಕಿಬಿಡುತ್ತಿದ್ದರು. ದೇವರ ಪಾಲಿಗೆ ಇತ್ಯಾದಿ! ನಾನು ಮೊದಲನೆಯದಕ್ಕೆ ‘ಕೋರುತ್ತಾನೆ’, ಎರಡನೆಯದಕ್ಕೆ ‘ತಮ್ಮ ಶ್ರೇಯಸ್ಸಿಗಾಗಿ ಸದಾ ಪ್ರಾರ್ಥಿಸುವನು, ಇತ್ಯಾದಿ’ ಎಂದು ಹಾಕುತ್ತಿದ್ದೇನೆ. ಅಧಿಕಾರಿಗಳ ನಡುವಿನ ಪತ್ರಗಳ ಕೊನೆಗೆ ಬರುವ ‘ಅತ್ಯಂತ ವಿಧೇಯ, ವಿನೀತ ಸೇವಕ’ ಬೇರೆ ಮಾತು. ದೊಡ್ಡ ಜಮೀನ್ದಾರನೂ ಕಚೇರಿಗೆ ಹಾಗೇ ಬರೆಯುತ್ತಿದ್ದ. ಅದನ್ನು ಪದ ಪದ ಇಳಿಸಿದರೆ ಅವನು ಕಾಲಿಗೆ ಬಿದ್ದ ಹಾಗೆ ಕಾಣುತ್ತದೆ. ‘ತಮ್ಮ ವಿಧೇಯ’ ಎಂದರೆ ಮುಗಿಯಿತು.

ಕಚೇರಿಯ ಒಳಗಿನ ಪದಗಳು ಸುಲಭವಾಗಿ ಸಿಕ್ಕವು. ಕಾಗದವನ್ನು ಉದ್ದಕ್ಕೆ ಮಡಿಸಿ ಹಿಂದೆ ಹೆಸರು, ತಾರೀಖು, ಸಾರಾಂಶ ಬರೆಯುತ್ತಿದ್ದರು, ಅದರ ಮೇಲೆ ಅಧಿಕಾರಿ ಒಂದೆರಡು ಸಾಲು ಗೀಚುತ್ತಿದ್ದ. ಗೀಚಿದ್ದು ನಮ್ಮ ‘ಷರಾ’. ‘ಎಂಡಾರ್ಸ್‌ಮೆಂಟ್’ಗೆ ‘ಹಿಂಬರಹ’ ಇದೆ, ಆದರೆ ಈಗ ನಾವು ಹಿಂಬರಹ ಎನ್ನುವುದು ಅರ್ಜಿದಾರನಿಗೆ ಕೊಡುವ ಉತ್ತರಕ್ಕೆ. ಇಲ್ಲಿ ಅದು ನಿಜವಾಗಿಯೂ ಹಿಂದೆ ಬರೆದದ್ದು. ಕ್ಷಮೆ ಕೇಳಿದ ಅರ್ಜಿಗಳನ್ನು ವಿಚಾರಣೆ ಮಾಡಿದ ನ್ಯಾಯಾಧೀಶರ ಅಭಿಪ್ರಾಯಕ್ಕೆ ಕಳಿಸುತ್ತಿದ್ದರು. ವಾಪಸ್ ಬಂದಮೇಲೆ ಎಷ್ಟೋ ಅರ್ಜಿಗಳ ಮೇಲೆ ಬೀಳುತ್ತಿದ್ದ ಷರಾ: ‘ಕಾನೂನು ತನ್ನ ದಾರಿಯಲ್ಲಿ ನಡೆಯಲಿ’. ಇದನ್ನು ಇವತ್ತಿನ ರಾಜಕಾರಣಿಗಳ ‘ಕಾನೂನು ತನ್ನ ಕೆಲಸ ಮಾಡುತ್ತದೆ’ ಜೊತೆ ಬೆರೆಸಬಾರದು. ಅಲ್ಲಿ ಅದರ ಅರ್ಥ ನೇಣು, ಇಲ್ಲವೇ ಗಡೀಪಾರಾದವರನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಒಯ್ಯುವ ಹಡಗು.

ಹುದ್ದೆಗಳ ಹೆಸರನ್ನು ಮಾತ್ರ ನಾನು ಅನುವಾದಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ‘ಮುಖ್ಯ ಕಾರ್ಯದರ್ಶಿ’ ಎಂದರೆ ನಮ್ಮವರಿಗೆ ವಿಧಾನಸೌಧದ ಐಎಎಸ್ ಅಧಿಕಾರಿ. ಐರ್ಲೆಂಡಿನ ಚೀಫ್ ಸೆಕ್ರೆಟರಿ ಪಾರ್ಲಿಮೆಂಟ್ ಸದಸ್ಯ, ರಾಜಕಾರಣಿ. 1812ರಿಂದ 1818ರವರೆಗೆ ಅಲ್ಲಿದ್ದ ರಾಬರ್ಟ್ ಪೀಲ್ ಮುಂದೆ ಪ್ರಧಾನಿಯೇ ಆದರು. ‘ಅಧೀನ ಕಾರ್ಯದರ್ಶಿ’ ಇನ್ನೂ ಮೋಸದ ಪದ. ನಮ್ಮಲ್ಲಿ ಆ ಹೆಸರಿನವರು ಸಚಿವಾಲಯದ ತುಂಬ ಇದ್ದಾರೆ. ಅಲ್ಲಿ ಅಂಡರ್ ಸೆಕ್ರೆಟರಿ ವಿಲಿಯಂ ಗ್ರೆಗರಿ 1812ರಿಂದ 1831ರವರೆಗೆ ಕದಲದೆ ಕೂತಿದ್ದರು. ಚೀಫ್ ಸೆಕ್ರೆಟರಿಗಳು ಬಂದರು, ಹೋದರು. ದಿನದಿನದ ಕಚೇರಿ ನಡೆದದ್ದು ಗ್ರೆಗರಿ ಕೈಯಲ್ಲಿ. ಸಾಮಾನ್ಯ ಓದುಗರಿಗೆ ಲಾರ್ಡ್ ಲೆಫ್ಟಿನೆಂಟ್ ಎನ್ನುವ ಕಡೆ ‘ವೈಸರಾಯ್’ ಎಂದರೆ ಅಡ್ಡಿಯಿಲ್ಲ.

‘ಔಟ್‌ರೇಜ್’ ಬಗ್ಗೆ ಒಂದೇ ಮಾತು. ಆ ಕಡತಗಳಲ್ಲಿ ಅದು ಆಕ್ರೋಶವಲ್ಲ. ರಾತ್ರಿ ಬಂದು ಬಣವೆ ಸುಡುವುದು, ದನಗಳ ಹಿಂಗಾಲಿನ ನರ ಕತ್ತರಿಸುವುದು, ಬೆದರಿಕೆ ಚೀಟಿ ಅಂಟಿಸುವುದು, ಬಂದೂಕು ಕಸಿಯುವುದು. 1821ರಿಂದ 1824ರವರೆಗೆ ಐರ್ಲೆಂಡಿನ ದಕ್ಷಿಣದ ಮನ್‌ಸ್ಟರ್ ಕಡೆ ‘ಕ್ಯಾಪ್ಟನ್ ರಾಕ್’ ಎಂಬ ಕಟ್ಟುಹೆಸರಿನಲ್ಲಿ ಇದೆಲ್ಲ ನಡೆಯಿತು. ‘ಹಾವಳಿ’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

‘ಟೌನ್‌ಲ್ಯಾಂಡ್’ ಎಂಬುದು ಪಟ್ಟಣವೂ ಅಲ್ಲ, ಪೇಟೆಯೂ ಅಲ್ಲ. ಭೂಮಿಯ ಅತಿ ಚಿಕ್ಕ ವಿಭಾಗ, ಹೆಸರಿರುತ್ತದೆ, ಕೆಲವೆಡೆ ಜನವೇ ಇರುವುದಿಲ್ಲ. ಕಂದಾಯ ಇಲಾಖೆಯವರ ‘ಗ್ರಾಮ’ ಇದಕ್ಕೆ ಒಪ್ಪುತ್ತದೆ. ಜನವಿಲ್ಲದ್ದಕ್ಕೆ ಅವರ ಬಳಿ ‘ಬೇಚರಾಕ್ ಗ್ರಾಮ’ ಕೂಡ ಇದೆಯಲ್ಲ.

ಕೊನೆಯದಾಗಿ, ನನ್ನನ್ನು ನಿಜಕ್ಕೂ ನಿಲ್ಲಿಸಿಬಿಟ್ಟ ಪದ ‘ಡಿಸ್ಟ್ರೆಸ್’. 1822ರಲ್ಲಿ ಪಶ್ಚಿಮ ಐರ್ಲೆಂಡಿನಲ್ಲಿ ಹಸಿವು ದೊಡ್ಡದಾಗಿ ಬಂತು. ಹಿಂದಿನ ವರ್ಷ ಮಳೆ ಬಿಡದೆ ಸುರಿದು ಆಲೂಗಡ್ಡೆ ಬೆಳೆ ಹೋಗಿತ್ತು. ಸರ್ಕಾರದ ಕಾಗದಗಳಲ್ಲಿ ಇದಕ್ಕೆ ಮೃದುವಾದ ಹೆಸರು ಡಿಸ್ಟ್ರೆಸ್. ‘ಬರ’ ಎನ್ನಲು ಮನಸ್ಸು ಬರುವುದಿಲ್ಲ, ನಮಗೆ ಬರ ಎಂದರೆ ಮಳೆ ಇಲ್ಲದ್ದು. ‘ಕ್ಷಾಮ’ ಎಂದರೆ ಅಧಿಕಾರಿ ಹೇಳಲು ಹಿಂಜರಿದದ್ದನ್ನು ನಾವೇ ಹೇಳಿಬಿಟ್ಟ ಹಾಗೆ. ‘ಸಂಕಷ್ಟ’ ಎಂದರೆ ಅಧಿಕಾರಿಯ ಜಾಣತನ ಉಳಿಯುತ್ತದೆ. ಅಷ್ಟರಲ್ಲೇ ಇನ್ನೊಂದು ಅರ್ಥ ಅಡ್ಡ ಬರುತ್ತದೆ. ಕಾನೂನಿನಲ್ಲಿ ಡಿಸ್ಟ್ರೆಸ್ ಎಂದರೆ ಗೇಣಿ ಬಾಕಿಗೆ ಧಣಿ ಒಕ್ಕಲಿನ ಹಸು, ಕಾಳು, ಪಾತ್ರೆ ಹಿಡಿದುಕೊಳ್ಳುವುದು. ನಮ್ಮ ‘ಜಪ್ತಿ’. ಒಂದೇ ಪದ ಹೊಟ್ಟೆಯ ಸಂಕಷ್ಟಕ್ಕೂ ಆಗುತ್ತದೆ, ಹಟ್ಟಿಯ ಜಪ್ತಿಗೂ ಆಗುತ್ತದೆ. ಕನ್ನಡದಲ್ಲಿ ಎರಡು ಪದ ಮಾಡಲೇಬೇಕು, ಬೇರೆ ದಾರಿಯಿಲ್ಲ.

ಹಿಡಿದ ದನಗಳನ್ನು ಕೂಡುವ ಜಾಗಕ್ಕೆ ‘ದೊಡ್ಡಿ’ ಇದೆ, ಉತ್ತರ ಕರ್ನಾಟಕದವರ ‘ಕೊಂಡವಾಡ’ ಇದೆ. ಆದರೆ ಅವನ್ನು ದೊಡ್ಡಿಗೆ ಅಟ್ಟಿಕೊಂಡು ಹೋಗುವ ಧಣಿಯ ಆಳಿಗೆ ಅಲ್ಲಿ ‘ಡ್ರೈವರ್’ ಎನ್ನುತ್ತಿದ್ದರು. ಅರ್ಜಿಗಳಲ್ಲಿ ಬಯ್ಗುಳದ ಹಾಗೆ ಬರುವ ಪದ. ‘ಚಾಲಕ’ ಎಂದರೆ ನಗೆಪಾಟಲು. ‘ಅಮೀನ’ ಕೋರ್ಟಿನವನು, ‘ತಳವಾರ’ ಊರಿನವನು, ಇವನು ಧಣಿಯವನು. ದಕ್ಷಿಣ ಕನ್ನಡ, ಕೊಡಗು, ಮಲೆನಾಡು ಕಡೆಯ ಗೇಣಿ ಕಾಲದ ಮಾತು ಬಲ್ಲವರು ಹೇಳಬೇಕು: ಬಾಕಿಗೆಂದು ಒಕ್ಕಲಿನ ಹಟ್ಟಿಯಿಂದ ದನ ಬಿಚ್ಚಿಕೊಂಡು ಹೋಗುತ್ತಿದ್ದ ಧಣಿಯ ಆಳಿಗೆ ನಿಮ್ಮಲ್ಲಿ ಏನೆನ್ನುತ್ತಿದ್ದರು?