ತಾರೆಯರು ಪ್ರಧಾನಿಗಳ ಬಾಗಿಲು ತಟ್ಟಬೇಕೆ?

ವೇಮಗಲ್ ವಾಚಕ:
ಹವಾಮಾನ, ಬಡ ದೇಶಗಳ ಸಾಲ, ಯುದ್ಧ ಇಂಥ ವಿಷಯಗಳಲ್ಲಿ ನಟರು, ಗಾಯಕರು, ಆಟಗಾರರು ದೇಶದೇಶಗಳ ನಾಯಕರ ಮೇಲೆ ಒತ್ತಡ ಹೇರುವುದು ಸರಿಯೇ? ಸರಿಯಲ್ಲ ಎನ್ನುವವನು ನಾನು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರು ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಉತ್ತರ ಸಿಗುತ್ತದೆ. ಯಾರ ಓಟನ್ನೂ ಕೇಳದ ಗಾಯಕನಿಗೆ ಮಾತ್ರ ಅಧ್ಯಕ್ಷರ ಕೋಣೆಯಲ್ಲಿ ಕುರ್ಚಿ ಸಿದ್ಧ. ಮಾತು ತಪ್ಪಿದರೂ ಅವನು ಕಳೆದುಕೊಳ್ಳುವುದು ಏನೂ ಇಲ್ಲ.

2019ರಲ್ಲಿ ನಟ ಲಿಯೊನಾರ್ಡೊ ಡಿಕಾಪ್ರಿಯೊ ಈಶ ಫೌಂಡೇಶನ್ನಿನ ‘ಕಾವೇರಿ ಕೂಗು’ ಎಂಬ ಗಿಡ ನೆಡುವ ಯೋಜನೆಗೆ ಬೆಂಬಲ ಸೂಚಿಸಿದರು. ನದಿಯ ಇಕ್ಕೆಲಗಳಲ್ಲಿ ಗಿಡ ನೆಟ್ಟರೆ ನದಿ ಉಳಿಯುವುದಿಲ್ಲ, ಬೆಂಬಲ ಹಿಂತೆಗೆದುಕೊಳ್ಳಿ ಎಂದು ಇಲ್ಲಿನ ಪರಿಸರ ಸಂಘಟನೆಗಳು ಅವರಿಗೆ ಪತ್ರ ಬರೆಯಬೇಕಾಯಿತು. ಯೋಜನೆ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಜಗಳ. ಆದರೆ ನಮ್ಮ ನದಿಯ ವಿಷಯದಲ್ಲಿ ಹಾಲಿವುಡ್ಡಿನ ಒಂದು ಪೋಸ್ಟ್ ತೂಕದ ಮಾತಾಯಿತಲ್ಲ, ನನ್ನ ತಕರಾರು ಅದು.

ಚಿಂತಾಮಣಿ ಕಾನೂನು ವಿದ್ಯಾರ್ಥಿನಿ:
ಅಣ್ಣ, ಸೋತ ಉದಾಹರಣೆಯನ್ನು ಆರಿಸಿಕೊಂಡು ತೀರ್ಪು ಕೊಟ್ಟುಬಿಟ್ಟಿರಿ. 1997ರ ಜನವರಿಯಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅಂಗೋಲಾದ ನೆಲಬಾಂಬುಗಳ ಜಾಗದಲ್ಲಿ ಮುಖಕವಚ ತೊಟ್ಟು ನಡೆದರು. ಅವರದೇ ದೇಶದ ಕಿರಿಯ ಸಚಿವರೊಬ್ಬರು ಆಕೆಗೆ ಲಂಗುಲಗಾಮಿಲ್ಲ ಎಂಬರ್ಥದಲ್ಲಿ ಗೊಣಗಿದರು. ಅದೇ ವರ್ಷ ಡಿಸೆಂಬರಿನಲ್ಲಿ ಒಟ್ಟಾವದಲ್ಲಿ 122 ದೇಶಗಳು ನೆಲಬಾಂಬು ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಓಟು ಕೇಳಿದವರು ಹಿಂಜರಿಯುತ್ತಿದ್ದಾಗ ಓಟು ಕೇಳದವರು ನಡೆದು ತೋರಿಸಿದರು.

ವೇಮಗಲ್ ವಾಚಕ:
ಆ ಒಪ್ಪಂದಕ್ಕೆ ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಲಿಲ್ಲ. ಭಾರತವೂ ಹಾಕಲಿಲ್ಲ. ಇನ್ನೊಂದು ಮಾತು: ನಿಷೇಧ ಚಳವಳಿ ಆರಂಭವಾದದ್ದು 1992ರಲ್ಲಿ. 1997ರ ನೊಬೆಲ್ ಶಾಂತಿ ಪ್ರಶಸ್ತಿಯೂ ಚಳವಳಿಗೆ ಮತ್ತು ಅದರ ಸಂಚಾಲಕಿ ಜೋಡಿ ವಿಲಿಯಮ್ಸ್ ಅವರಿಗೇ ಬಂತು. ಇಲ್ಲಿ ಎಷ್ಟು ಜನ ಜೋಡಿ ವಿಲಿಯಮ್ಸ್ ಹೆಸರು ಕೇಳಿದ್ದೀರಿ? ಐದು ವರ್ಷ ದುಡಿದವರು ಹಿಂದಿನ ಸಾಲಿಗೆ ಹೋದರು.

ಟೊಮೆಟೊ ಮಂಡಿ ಲೆಕ್ಕಿಗ:
ಹಿಂದಿನ ಸಾಲಿನಲ್ಲಿ ಕೂತವರಿಗೆ ಕೆಲಸ ಆದರೆ ಸಾಕು, ಹೆಸರು ಬೇಡ ಎಂದಿರಬಹುದಲ್ಲ. ನನಗೆ ಲೆಕ್ಕ ಮುಖ್ಯ. 2005ರ ಜುಲೈನಲ್ಲಿ ಗಾಯಕರಾದ ಬಾಬ್ ಗೆಲ್ಡಾಫ್, ಬೊನೊ ಸೇರಿ ಬಡ ದೇಶಗಳ ಪರವಾಗಿ ಲೈವ್ 8 ಸಂಗೀತ ಕಛೇರಿಗಳನ್ನು ನಡೆಸಿದರು. ಕೆಲವೇ ದಿನಗಳಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಎಂಟು ಪ್ರಬಲ ದೇಶಗಳ ಕೂಟವಾದ ಜಿ8ರ ನಾಯಕರ ಸಭೆ. ಬಡ ದೇಶಗಳ ಸಾಲ ಮನ್ನಾಕ್ಕೆ ಒಪ್ಪಿಗೆ ಬಿತ್ತು, ಮೊದಲ ಕಂತಿನಲ್ಲಿ 18 ದೇಶಗಳ ಸುಮಾರು 4,000 ಕೋಟಿ ಡಾಲರ್. ಜೊತೆಗೆ 2010ರ ಹೊತ್ತಿಗೆ ನೆರವನ್ನು ವರ್ಷಕ್ಕೆ 5,000 ಕೋಟಿ ಡಾಲರ್ ಹೆಚ್ಚಿಸುತ್ತೇವೆ ಎಂಬ ಮಾತು. ಸಾಲದ ಬಾಬ್ತು ಚುಕ್ತಾ ಆಯಿತು. ನೆರವು ಹೇಳಿದಷ್ಟು ಬರಲಿಲ್ಲ.

ಏಕೆ ಎಂದರೆ, ಸಾಲ ಮನ್ನಾದ ಬೇಡಿಕೆಯನ್ನು ಚರ್ಚ್ ಸಂಘಟನೆಗಳು ‘ಜುಬಿಲಿ 2000’ ಹೆಸರಿನಲ್ಲಿ ವರ್ಷಗಟ್ಟಲೆ ಕಾಗದದ ಮೇಲೆ ಸಿದ್ಧಪಡಿಸಿದ್ದವು. ಯಾವ ದೇಶ, ಯಾರಿಗೆ, ಎಷ್ಟು ಎಂಬುದೆಲ್ಲ ಪುಸ್ತಕದಲ್ಲಿತ್ತು. ನೆರವಿನ ಮಾತು ಬರೀ ಬಾಯಿಮಾತಾಗಿತ್ತು, ವಸೂಲಿಗೆ ಕೂತವರಿರಲಿಲ್ಲ. ಹರಾಜು ಕೂಗುವವನ ಗಂಟಲು ಎಷ್ಟೇ ಜೋರಾಗಿರಲಿ, ಬಾಕ್ಸಿನೊಳಗೆ ಹಣ್ಣು ಇರಬೇಕು.

ನಿವೃತ್ತ ಮೇಷ್ಟರು, ಮುಳಬಾಗಿಲು:
ನಮ್ಮಲ್ಲೇ ಉದಾಹರಣೆಯಿದೆ. 1982ರ ಗೋಕಾಕ್ ಚಳವಳಿಗೆ ಸಾಹಿತಿಗಳು ಮೊದಲೇ ಇಳಿದಿದ್ದರು. ಡಾ. ರಾಜ್‌ಕುಮಾರ್ ಬಂದ ಮೇಲೆ ಊರೂರಲ್ಲಿ ಜನ ಕಿಕ್ಕಿರಿದರು, ಗುಂಡೂರಾವ್ ಸರ್ಕಾರ ಕಿವಿಗೊಡಬೇಕಾಯಿತು. ಅವರು ಚುನಾವಣೆಗೆ ನಿಲ್ಲಲಿಲ್ಲ. ಅದಕ್ಕೇ ಆ ಮಾತಿಗೆ ಬೆಲೆ.

ಆದರೆ ಕೆ.ಸಿ. ವ್ಯಾಲಿ ನೀರಿನ ಯೋಜನೆಯನ್ನು ನೋಡಿ. 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣವಾಗಿ ನಮ್ಮ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂತೆನ್ನುವವರಿದ್ದಾರೆ, ಮೂರನೇ ಹಂತ ಆಗದೆ ಬಿಡಬಾರದು ಎಂದು ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ಇಬ್ಬರೂ ಇದೇ ಮಣ್ಣಿನವರು. ಇದರ ನಡುವೆ ಒಬ್ಬ ತಾರೆ ‘ವಿಷ’ ಎಂದು ವಿಡಿಯೊ ಮಾಡಿದ್ದರೆ ನೀರೇ ನಿಲ್ಲುತ್ತಿತ್ತೇನೋ. ‘ವರದಾನ’ ಎಂದಿದ್ದರೆ ಮೂರನೇ ಹಂತದ ಬೇಡಿಕೆ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಹೌದು-ಅಲ್ಲ ಎಂದು ಹೇಳಿ ಮುಗಿಸಲಾಗದ ವಿಷಯಗಳಿಗೆ ತಾರೆಯರು ಅಪಾಯ. ಜಗತ್ತಿನ ದೊಡ್ಡ ಸಮಸ್ಯೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಚಿಂತಾಮಣಿ ಕಾನೂನು ವಿದ್ಯಾರ್ಥಿನಿ:
ಮೇಷ್ಟರೇ, ಹಾಗಾದರೆ ತಾರೆಯರು ಬಾಯಿ ಮುಚ್ಚಿಕೊಂಡರೆ ಆ ಜಾಗ ಖಾಲಿ ಇರುತ್ತದೆಯೇ? ಕಲ್ಲಿದ್ದಲು ಕಂಪನಿಗಳವರು, ಶಸ್ತ್ರಾಸ್ತ್ರ ಮಾರುವವರು ಅದೇ ಕೋಣೆಯಲ್ಲಿ ಸದ್ದಿಲ್ಲದೆ ಕೂತಿರುತ್ತಾರೆ. ಅವರು ಹೇಳಿದ್ದು ನಮಗೆ ಕೇಳಿಸುವುದೂ ಇಲ್ಲ. ನಟ ಹೇಳಿದ್ದು ಕನಿಷ್ಠ ಬಯಲಿನಲ್ಲಿರುತ್ತದೆ, ನೀವೂ ನಾನೂ ಬೈಯಬಹುದು. 2021ರ ಫೆಬ್ರವರಿಯಲ್ಲಿ ಗಾಯಕಿ ರಿಹಾನಾ ದೆಹಲಿಯ ರೈತರ ಧರಣಿಯ ಬಗ್ಗೆ ಒಂದು ಸಾಲು ಬರೆದದ್ದಕ್ಕೆ ವಿದೇಶಾಂಗ ಸಚಿವಾಲಯವೇ ಹೇಳಿಕೆ ಕೊಟ್ಟಿತು. ಒಂದು ಸಾಲಿಗೆ ಅಷ್ಟು ಗಾಬರಿಯೇ?

ವೇಮಗಲ್ ವಾಚಕ:
ಆಗ ನಮ್ಮ ಕ್ರಿಕೆಟಿಗರೂ ಒಂದೇ ಧಾಟಿಯಲ್ಲಿ ಎದುರು ಸಾಲು ಬರೆದರು. ಮಾತು ರೈತರಿಂದ ಜಾರಿ ‘ಹೊರಗಿನವರು, ಒಳಗಿನವರು’ ಎಂಬಲ್ಲಿಗೆ ಹೋಯಿತು. ರೈತರು ವಿರೋಧಿಸಿದ ಕೃಷಿ ಕಾಯ್ದೆ ವಾಪಸಾದದ್ದು ಆ ವರ್ಷದ ನವೆಂಬರಿನಲ್ಲಿ, ದೆಹಲಿಯ ಗಡಿಯಲ್ಲಿ ಚಳಿ-ಬಿಸಿಲು ತಡೆದು ಒಂದು ವರ್ಷ ಕೂತವರಿಂದ.

ಪಾವಗಡದ ಬಿಸಿಲು:
ತುಮಕೂರು ಜಿಲ್ಲೆಯಿಂದ ಒಂದು ಮಾತು. ಡಿಕಾಪ್ರಿಯೊ ಅವರು 2014ರಲ್ಲಿ ವಿಶ್ವಸಂಸ್ಥೆಯಲ್ಲಿ ಹವಾಮಾನದ ಬಗ್ಗೆ ಭಾಷಣ ಮಾಡಿದರು, ಸಂತೋಷ. ಆ ಭಾಷಣಗಳೆಲ್ಲ ಕೇಳಿದ ಸೌರ ವಿದ್ಯುತ್ ನಮ್ಮ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದೆ, 2,050 ಮೆಗಾವಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಅದು ನಿಶ್ಚಿಂತೆಯ ದುಡ್ಡು, ಸುಳ್ಳು ಹೇಳುವುದಿಲ್ಲ.

ಆದರೆ ತುಂಡು ಭೂಮಿಯೂ ಇಲ್ಲದವರಿಗೆ ಕಳೆ ತೆಗೆಯುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಇದ್ದವರು ತಂತಿ ಬೇಲಿಯ ಹೊರಗೆ ನಿಂತು ಒಳಗಿನ ಹುಲ್ಲು ನೋಡುತ್ತಾರೆ. ಇದನ್ನು ಯಾವ ತಾರೆ ಯಾವ ನಾಯಕನಿಗೆ ಹೇಳಿದ? ಹೇಳಬಾರದು ಎಂದು ನಾನು ಹೇಳುತ್ತಿಲ್ಲ, ವಾಚಕರೇ. ಬರಲಿ, ಆದರೆ ಬೇಲಿಯ ಹೊರಗೆ ನಿಂತವನನ್ನು ಕೇಳಿಕೊಂಡು ಆಮೇಲೆ ಕೋಣೆಯೊಳಗೆ ಹೋಗಲಿ.

ಟೊಮೆಟೊ ಮಂಡಿ ಲೆಕ್ಕಿಗ:
ಬೇಡಿಕೆಯನ್ನು ಬರೆದು ಕೊಡಿ ಅಣ್ಣ. ಎಷ್ಟು ಕುಟುಂಬ, ಯಾವ ಊರು, ಏನು ಬೇಕು. ಅದಿಲ್ಲದೆ ಯಾರು ಬಂದರೂ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಚಿಂತಾಮಣಿ ಕಾನೂನು ವಿದ್ಯಾರ್ಥಿನಿ:
ಅರ್ಜಿಯ ಕರಡು ನಾನು ಮಾಡುತ್ತೇನೆ. ಯಾರಾದರೂ ಹೆಸರಾಂತ ನಟರು ಸಹಿ ಹಾಕುವುದಾದರೆ ನನಗೇನೂ ಮಡಿಯಿಲ್ಲ.

ವೇಮಗಲ್ ವಾಚಕ:
ನಾನೂ ಸಹಿ ಹಾಕುತ್ತೇನೆ. ಕುರಿಯವರ ಸಹಿ ಮೇಲಿರಲಿ, ನಟರದು ಎಲ್ಲರ ಕೆಳಗೆ.