ವಿಷಯ: ಹಿತ್ತಲ ಕೊಳದ 'ಲೈನರ್' (ಇಂದು ಸಂಜೆಯೊಳಗೆ ಬೇಕು)

ಬಳಗಕ್ಕೆ ನಮಸ್ಕಾರ. ನರ್ಸರಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಹಿತ್ತಲಲ್ಲಿ ಗುಂಡಿ ತೋಡಿ, ಕಲ್ಲು ಬೇರು ಆರಿಸಿ, ತಳಕ್ಕೆ ಮರಳು ಹರಡಿ, ಮೇಲೆ ಕಂಬಳಿಯಂಥ ದಪ್ಪ ಬಟ್ಟೆ, ಅದರ ಮೇಲೆ ರಬ್ಬರ್ ಇಲ್ಲವೇ ಪ್ಲಾಸ್ಟಿಕ್ ಹಾಳೆ ಹಾಕಿ ತಾವರೆ ಬೆಳೆಸುವ ವಿಧಾನ. ನೀರು ತಡೆಯುವ ಹಾಳೆ ಲೈನರ್, ಕಲ್ಲು ಚುಚ್ಚದಂತೆ ಅದನ್ನು ಕಾಯುವ ಬಟ್ಟೆ ಅಂಡರ್‌ಲೇ. ಹಿರಿಯರೊಬ್ಬರು 'ಜಲನಿರೋಧಕ ಆಸ್ತರಣ' ಎಂದು ಸೂಚಿಸಿದರು. ಮಾಲಿಗೆ ಅರ್ಥವಾಗುವ ಪದ ಕೊಡಿ.

ಧಾರವಾಡದಿಂದ:
ಅಸ್ತರ. ನಮ್ಮ ಕಡೆಯ ದರ್ಜಿಗಳು ಕೋಟಿನ ಒಳಬಟ್ಟೆಗೆ ಹೇಳುವುದು ಅದನ್ನೇ. ಹಾಳೆಗೆ ಬೇಕಿದ್ದರೆ ತಾಡಪತ್ರಿ ಎನ್ನಿ. ತಾಳೆಗರಿಯಿಂದ ಬಂದ ಅಚ್ಚ ದೇಸಿ ಮಾತು.

ಶಿರಸಿಯಿಂದ:
ತಾಡಪತ್ರಿ ತಾಳೆಗರಿಯೂ ಅಲ್ಲ, ಮಣ್ಣೂ ಅಲ್ಲ. ಟಾರ್ಪಾಲಿನ್ ಎಂಬ ಇಂಗ್ಲಿಷ್ ಪದಕ್ಕೆ ಗರಿ ಕಟ್ಟಿದ್ದು ನಾವು. ಅಸ್ತರವೂ ಪಾರಸಿಯ ಮಾತು, ದೇಸಿ ಎಲ್ಲಿಂದ ಬಂತು? ಕೃಷಿ ಇಲಾಖೆಯವರದು ಇನ್ನೊಂದು ಅವಾಂತರ. 2014ರಲ್ಲಿ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಕೃಷಿ ಹೊಂಡಕ್ಕೆ 'ಪಾಲಿಥೀನ್ ಹೊದಿಕೆ' ಎಂಬ ಮಾತು ಹಬ್ಬಿತು. ಕಚೇರಿಯಲ್ಲಿ ಹಾಸಿ ಹೊದೆಯುವಷ್ಟು ಕೆಲಸವಿದ್ದರೂ ಹಾಸುವುದು ಕೆಳಗೆ, ಹೊದೆಯುವುದು ಮೇಲೆ ಎಂಬುದು ಮರೆತುಹೋಗಿದೆ. ಗಿಡದ ಬುಡಕ್ಕೆ ಮುಚ್ಚುವ ತರಗೆಲೆಗೂ ಹೊದಿಕೆ, ಹೊಂಡದ ತಳಕ್ಕೂ ಹೊದಿಕೆಯೇ? ಲೈನರ್‌ಗೆ ಒಳಹಾಸು, ಅಂಡರ್‌ಲೇಗೆ ಅಡಿಹಾಸು. ಮುಗಿಯಿತು.

ಮೈಸೂರಿನಿಂದ:
ಮುಗಿದಿಲ್ಲ. ಪ್ಲಾಸ್ಟಿಕ್ ಹಾಸಿದ ಗುಂಡಿ ಕೊಳವೇ ಅಲ್ಲ. ಕೊಳ ಅಪ್ಪಟ ದ್ರಾವಿಡ ಪದ, ತಮಿಳು ಮಲಯಾಳಗಳ ಕುಳಂ ಅದರ ಒಡಹುಟ್ಟು. ಒರತೆ ಇರಬೇಕು, ಜೇಡಿಮಣ್ಣು ಮೆಟ್ಟಿ ತಳ ಗಟ್ಟಿ ಮಾಡಿರಬೇಕು. ಇದು ತೊಟ್ಟಿ. ಪದವನ್ನು ಅಗ್ಗ ಮಾಡಬೇಡಿ.

ಶಿರಸಿಯಿಂದ:
ಹಂಪಿಯ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಗೆ ನೀರು ಬರುತ್ತಿದ್ದದ್ದು ಕಲ್ಲಿನ ಕಾಲುವೆಯಿಂದ. ಅದನ್ನೂ ತೊಟ್ಟಿ ಎನ್ನುವಿರೇನು?

ಧಾರವಾಡದಿಂದ:
ಪಾರಸಿಯಾದರೇನು? ಅಂಗಡಿ ಬೀದಿಯಲ್ಲಿ ನಿಂತು ಕೇಳಿ, ಅಸ್ತರ ಎಂದರೆ ತಿಳಿಯುತ್ತದೆ. ನಿಮ್ಮ ಒಳಹಾಸು ಕೇಳಿದರೆ ಚಾಪೆ ಕೊಡುತ್ತಾರೆ. ಕಚೇರಿ, ಜಮೀನು, ರೈತ, ಇವೆಲ್ಲ ಎಲ್ಲಿಂದ ಬಂದವು? ಅವನ್ನೂ ಹೊರಗೆ ಹಾಕಿ ಆಮೇಲೆ ಅಸ್ತರಕ್ಕೆ ಬನ್ನಿ.

ಮೈಸೂರಿನಿಂದ:
ಬಂದವರೆಲ್ಲ ಮನೆಯಲ್ಲೇ ಉಳಿಯಲಿ ಎನ್ನುವುದು ಒಂದು ವಾದವೇ?

ಪ್ರಶ್ನೆ ಕೇಳಿದವನಿಂದ:
ದಯವಿಟ್ಟು ಇದೊಂದನ್ನು ನೋಡಿ: "ಕೊಳ 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳವಿದ್ದರೆ ಒಳಹಾಸಿನ ಹಾಳೆ 4.8 ಮೀಟರ್ ಉದ್ದ, 3.8 ಮೀಟರ್ ಅಗಲ ಇರಬೇಕು. ಆಳದ ಎರಡರಷ್ಟನ್ನೂ ಅಂಚಿಗೆ ಎರಡೂ ಬದಿ ತಲಾ 30 ಸೆಂಟಿಮೀಟರನ್ನೂ ಕೂಡಿಸಿ. ಅಂಚನ್ನು ಮಣ್ಣಿನಲ್ಲಿ ಹೂತು ಮೇಲೆ ಕಲ್ಲು ಹೇರಿ." ಕುಂಡ ಇಡಲು ಒಳಗೋಡೆಯಲ್ಲಿ ಬಿಡುವ ಜಾಗಕ್ಕೆ 'ಕುಂಡದ ಮೆಟ್ಟಿಲು' ಎಂದು ಬರೆದಿದ್ದೇನೆ.

ಶಿರಸಿಯಿಂದ:
ಮೆಟ್ಟಿಲು ಸರಿ. 'ಒಳಹಾಸಿನ ಹಾಳೆ' ಬೇಡ, ಒಳಹಾಸು ಸಾಕು. ಮೀಟರ್ ಜೊತೆಗೆ ಅಡಿಯನ್ನೂ ಕೊಡಿ, ಮಾಲಿಗಳು ಅಳೆಯುವುದು ಅಡಿಯಲ್ಲಿ: ಸುಮಾರು 10 ಅಡಿ ಉದ್ದ, ಆರೂವರೆ ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 16 ಅಡಿಗೆ ಹನ್ನೆರಡೂವರೆ ಅಡಿ.